ಕಳಿಸಿದ್ದು, ಬಡಿಸಿದ್ದು

ದುರ್ಗಾಪೂಜೆಗೆ ಮುಂಚೆ ಕೋಲ್ಕತ್ತಾದ ಮನೆಗಳಲ್ಲಿ ಸುಣ್ಣಬಣ್ಣ ಆಗುವುದು ವಾಡಿಕೆ. ಹೋದ ವರ್ಷ ನಮ್ಮ ಮನೆಯಲ್ಲೂ ಆಯಿತು. ಬೀರು ಸರಿಸಬೇಕಾಗಿ ಬಂದು, ಅದರೊಳಗಿದ್ದ ನನ್ನ ಹಳೆಯ ಕಾಗದಪತ್ರಗಳೆಲ್ಲ ನೆಲದ ಮೇಲೆ ಬಂದವು. ಮಗಳು ಬಾಗಿಲಲ್ಲಿ ನಿಂತು ನೋಡಿ, "ಅಪ್ಪಾ, ವಾಟ್ ಎ ಮೆಸ್!" ಅಂದಳು. ಆಗ ನನ್ನ ಕೈಯಲ್ಲಿದ್ದದ್ದು ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಒಂದು ಲೆಕ್ಕದ ಪುಸ್ತಕ. ಬಂಗಾಳಿ ಅಂಗಡಿಯವರು ಹೊಸ ವರ್ಷಕ್ಕೆ ತೆರೆಯುತ್ತಾರಲ್ಲ, ಅಂಥದ್ದು. ಅದರ ಮೊದಲ ಪುಟದಲ್ಲಿ ನನ್ನದೇ ಅಕ್ಷರದಲ್ಲಿ "ಮೆಸ್, 1985" ಅಂತ ಬರೆದಿತ್ತು. ಅವಳು ಹೇಳಿದ ಮೆಸ್ ಒಂದು, ನನ್ನ ಕೈಯಲ್ಲಿದ್ದ ಮೆಸ್ ಇನ್ನೊಂದು. ಎರಡೂ ಒಂದೇ ಶಬ್ದ ಹೇಗಾಯಿತು ಅನ್ನುವ ಕುತೂಹಲ ಆವತ್ತು ಹುಟ್ಟಿದ್ದು, ನನ್ನನ್ನು ಬಹಳ ದೂರ ಎಳೆದುಕೊಂಡು ಹೋಯಿತು.

ನಮ್ಮ ಕಡೆ ಮೆಸ್ ಅಂದರೆ ಊಟದ ಜಾಗ. ಮೈಸೂರಿನಲ್ಲಿ ಎಂ.ಕಾಂ. ಓದುವಾಗ ತಟ್ಟೆ ಲೋಟ ಹಿಡಿದುಕೊಂಡು "ಮೆಸ್ಸಿಗೆ ಹೋಗೋಣ ಬಾರೋ" ಅಂತ ಒಬ್ಬರನ್ನೊಬ್ಬರು ಕರೆಯುತ್ತಿದ್ದೆವು. ಧಾರವಾಡದವರು ಖಾನಾವಳಿ ಅನ್ನುವುದನ್ನು ನಾವು ಮೆಸ್ ಅನ್ನುತ್ತೇವೆ. ಆ ಮಾತು ಕೇಳಿದರೆ ನನ್ನ ಕಾಲದ ಕನ್ನಡಿಗನಿಗೆ ಕಸ ನೆನಪಾಗುವುದಿಲ್ಲ, ಸಾರಿನ ವಾಸನೆ ಮೂಗಿಗೆ ಬರುತ್ತದೆ. ಮಗಳ ತಲೆಮಾರಿಗೆ ಮಾತ್ರ ಅದು ಗಲೀಜು, ಎಡವಟ್ಟು, ರಾದ್ಧಾಂತ.

ನಿಘಂಟು ತೆಗೆದು ನೋಡಿದೆ. ನಾನು ಭಾಷಾಶಾಸ್ತ್ರ ಓದಿದವನಲ್ಲ, ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವನು. ಆದರೆ ಒಂದು ಶಬ್ದದ ಹಿಂದಿನ ಎಂಟ್ರಿಗಳನ್ನು ಹುಡುಕುತ್ತ ಹೋಗುವುದು ಲೆಡ್ಜರ್ ನೋಡುವುದಕ್ಕಿಂತ ಬೇರೆಯ ಕೆಲಸವೇನಲ್ಲ. ಮೂಲದಲ್ಲಿರುವುದು ಲ್ಯಾಟಿನ್ನಿನ 'ಮಿತ್ತೆರೆ', ಅಂದರೆ ಕಳಿಸು. ಕಳಿಸಲ್ಪಟ್ಟದ್ದು, ಅಡಿಗೆಮನೆಯಿಂದ ಊಟದ ಮೇಜಿಗೆ ಕಳಿಸಿದ್ದು, ಹಳೆಯ ಫ್ರೆಂಚಿನಲ್ಲಿ 'ಮೆಸ್' ಆಯಿತು. ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆಗ ಅದರ ಅರ್ಥ ಒಬ್ಬನ ಮುಂದೆ ಇಟ್ಟ ಊಟದ ಪಾಲು. ಆಮೇಲೆ ಒಂದು ಪಾತ್ರೆಯಿಂದ ಹಂಚಿಕೊಂಡು ತಿನ್ನುವ ಗುಂಪಿಗೂ ಅದೇ ಹೆಸರು ಬಂತು. ಆ ಗುಂಪಿನಲ್ಲಿ ಸಾಮಾನ್ಯವಾಗಿ ನಾಲ್ಕು ಜನ. ಸೈನ್ಯಕ್ಕೆ, ಹಡಗಿಗೆ ಹೋಗಿ ಸಿಪಾಯಿಗಳ ಊಟದ ಮನೆಯಾಯಿತು. 18ನೇ ಶತಮಾನದಲ್ಲಿ ಎಲ್ಲ ಕಲಸಿ ದನ ಹಂದಿಗಳಿಗೆ ಹಾಕುವ ಕಲಗಚ್ಚಿಗೂ ಆ ಹೆಸರು ಬಂತು. 19ನೇ ಶತಮಾನದಲ್ಲಿ ಅಲ್ಲಿಂದ ಜಾರಿ ಗಲೀಜು, ಗೊಂದಲ ಆಯಿತು. ಮುಂದಿಟ್ಟ ಪಾಲು, ಜೊತೆಗೆ ಕೂತ ಜನ, ಕೊನೆಗೆ ರಾದ್ಧಾಂತ. ಓದಿ ಮುಗಿಸಿದಾಗ ಶಬ್ದದ ಜಾತಕದಲ್ಲಿ ನನ್ನದೇ ಜಾತಕ ಕಂಡ ಹಾಗಾಯಿತು. ಹಾಗೇಕೆ ಅನ್ನಿಸಿತು ಅಂತ ಹೇಳಲು ಆ ಕೆಂಪು ಪುಸ್ತಕದ ಕಥೆ ಹೇಳಬೇಕು.

1984ರಲ್ಲಿ, ನನ್ನ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಬ್ಯಾಂಕಿನವರು ನನ್ನನ್ನು ಆಗಿನ ಕಲ್ಕತ್ತಾಕ್ಕೆ ಹಾಕಿದರು. ತಿಪಟೂರು ತಾಲ್ಲೂಕಿನ ನಮ್ಮೂರಿಂದ ಬೆಂಗಳೂರು, ಅಲ್ಲಿಂದ ಮದ್ರಾಸು, ಅಲ್ಲಿಂದ ಕೋರಮಂಡಲ್ ಎಕ್ಸ್‌ಪ್ರೆಸ್ಸಿನಲ್ಲಿ ಹೌರಾ. ಆ ವರ್ಷ ಅಕ್ಟೋಬರಿನಲ್ಲಿ ದೇಶದ ಮೊದಲ ಮೆಟ್ರೋ ಅಲ್ಲಿ ಎಸ್‌ಪ್ಲನೇಡಿನಿಂದ ಭವಾನೀಪುರದವರೆಗೆ ಓಡಲು ಶುರುವಾಯಿತು. ನನಗೆ ಸಿಕ್ಕ ವಸತಿ ಮಾತ್ರ ಹಿಂದಿನ ಶತಮಾನದ್ದು. ಸಿಯಾಲ್ದಾ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಆಮ್‌ಹರ್ಸ್ಟ್ ಸ್ಟ್ರೀಟಿನ ಒಂದು ಗಲ್ಲಿಯಲ್ಲಿ, ಮೂರಂತಸ್ತಿನ ಹಳೇ ಮನೆ. ಕೋಣೆಗೆ ಮೂರು ಮಂಚ, ಒಟ್ಟು ಹದಿನಾಲ್ಕು ಜನ ಗಂಡಸರು. ಇಂಥದ್ದಕ್ಕೆ ಬಂಗಾಳಿಗಳು 'ಮೆಸ್‌ಬಾಡಿ' ಅನ್ನುತ್ತಾರೆ. ಬಾಡಿ ಅಂದರೆ ಮನೆ.

ಕಲ್ಕತ್ತಾದ ಈ ಮೆಸ್‌ಗಳು ದೊಡ್ಡ ಸಂಸ್ಥೆಯೇ ಆಗಿದ್ದವು. ಬ್ರಿಟಿಷರ ಕಾಲದಲ್ಲಿ ಗುಮಾಸ್ತೆ ಕೆಲಸಕ್ಕೆ, ಕಾಲೇಜಿಗೆ ಅಂತ ಜಿಲ್ಲೆಗಳಿಂದ ಬಂದ ಗಂಡಸರು ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲೇ ಬಿಟ್ಟು ಕಾಲೇಜ್ ಸ್ಟ್ರೀಟ್, ಹ್ಯಾರಿಸನ್ ರೋಡ್, ಮಿರ್ಜಾಪುರ ಸ್ಟ್ರೀಟುಗಳ ಸುತ್ತ ಹೀಗೆ ಒಟ್ಟಾಗಿ ಇರುತ್ತಿದ್ದರು. ಪತ್ತೇದಾರ ಬ್ಯೋಮ್‌ಕೇಶ್ ಬಕ್ಷಿಯ ಕಥೆಗಳನ್ನು ಬರೆದ ಶರದಿಂದು ಬಂದ್ಯೋಪಾಧ್ಯಾಯರು ಹ್ಯಾರಿಸನ್ ರೋಡಿನ ಪ್ರೆಸಿಡೆನ್ಸಿ ಬೋರ್ಡಿಂಗ್ ಹೌಸಿನಲ್ಲಿದ್ದವರು. ಕವಿ ಜೀವನಾನಂದ ದಾಸರೂ ಅಲ್ಲಿ ಇದ್ದರು. 1953ರಲ್ಲಿ ಬಂದ 'ಶಾಡೇ ಚುಆತ್ತರ್' ಅನ್ನುವ ಬಂಗಾಳಿ ಸಿನಿಮಾ ಇಂಥ ಒಂದು ಮೆಸ್ಸಿನ ಕಥೆ. ಉತ್ತಮ್ ಕುಮಾರ್, ಸುಚಿತ್ರಾ ಸೇನ್ ಮೊದಲ ಸಲ ಜೊತೆಯಾಗಿ ನಟಿಸಿದ್ದು ಅದರಲ್ಲೇ. ಆ ಸಿನಿಮಾದ ಮೆಸ್ಸಿನ ಹೆಸರು ಅನ್ನಪೂರ್ಣ. ಆಮೇಲೆ ಲೋಕಲ್ ರೈಲುಗಳು ವಿದ್ಯುತ್ತಿನಿಂದ ಓಡತೊಡಗಿ, ಜನ ದಿನಾ ಊರಿಂದ ಬಂದು ಹೋಗುವುದು ಸಾಧ್ಯವಾದ ಮೇಲೆ ಮೆಸ್‌ಗಳು ಒಂದೊಂದೇ ಮುಚ್ಚುತ್ತ ಬಂದವು. ನಾನು ನೋಡಿದ್ದು ಅವುಗಳ ಸಂಜೆಗಾಲ.

ಅಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಆಪ್ನಾರ್ ದೇಶ್ ಕೋಥಾಯ್?" ನಿಮ್ಮ ದೇಶ ಯಾವುದು? ಭಾರತ ಅಂತ ಹೇಳಬೇಕೋ ಏನೋ ಅಂತ ನಾನು ಗಾಬರಿಯಾದೆ. ಅವರ ಭಾಷೆಯಲ್ಲಿ ದೇಶ ಅಂದರೆ ಸ್ವಂತ ಊರು. ಹಾಗೆಯೇ ಅವರು ಮನೆಗೆ ಎರಡು ಮಾತು ಇಟ್ಟುಕೊಂಡಿದ್ದಾರೆ. ಬಾಡಿ ಅಂದರೆ ಹಿರಿಯರ ಮನೆ, ಬಾಸಾ ಅಂದರೆ ಹೊಟ್ಟೆಪಾಡಿಗೆ ಮಾಡಿಕೊಂಡ ಬಿಡಾರ. ಹಳೆಯ ತಲೆಯವರು ಈ ವ್ಯತ್ಯಾಸವನ್ನು ಮರೆಯುತ್ತಿರಲಿಲ್ಲ. ಬಾಡಿಯಲ್ಲಿ ಸಂಬಂಧ, ಬಾಸಾದಲ್ಲಿ ಬಾಡಿಗೆ. ನನಗೆ ಈ ವಿಂಗಡಣೆ ಬಹಳ ಹಿಡಿಸಿತು. ನನ್ನ ಬಾಡಿ ತಿಪಟೂರಿನ ಕಡೆ. ನನ್ನ ಕರ್ತವ್ಯವೆಲ್ಲ ಅಲ್ಲಿ. ಇಲ್ಲಿರುವುದು ಬಾಸಾ, ಇಲ್ಲಿ ಲೆಕ್ಕ ಚುಕ್ತಾ ಇದ್ದರೆ ಸಾಕು. ಈ ಯೋಚನೆಯೇ ಮುಂದೆ ನನ್ನಿಂದ ತಪ್ಪು ಮಾಡಿಸಿತು.

ಮೆಸ್ಸಿನ ಆಡಳಿತ ಹೀಗಿತ್ತು. ತಿಂಗಳಿಗೊಬ್ಬ ಸದಸ್ಯ ಮ್ಯಾನೇಜರ್. ಅವನು ಬೆಳಿಗ್ಗೆ ಬಜಾರಿಗೆ ಹೋಗಿ ಮೀನು ತರಕಾರಿ ತರಬೇಕು, ಯಾರು ಎಷ್ಟು ಹೊತ್ತು ಉಂಡರು ಅಂತ ಖಾತೆಯಲ್ಲಿ ಗೀರು ಹಾಕಬೇಕು. ಒಂದು ಊಟಕ್ಕೆ ಒಂದು 'ಮೀಲ್'. ಶನಿವಾರ ಊರಿಗೆ ಹೋಗುವವರು ಮೊದಲೇ ಹೇಳಿದರೆ ಅವರ ಹೆಸರಿನ ಮುಂದೆ 'ಮೀಲ್ ಆಫ್'. ತಿಂಗಳ ಕೊನೆಗೆ ಒಟ್ಟು ಖರ್ಚನ್ನು ಒಟ್ಟು ಮೀಲ್‌ಗಳಿಂದ ಭಾಗಿಸಿದರೆ ಒಂದು ಮೀಲಿನ ದರ. ಖರ್ಚು 2,100 ರೂಪಾಯಿ, ಮೀಲ್ 700 ಅಂತಿಟ್ಟುಕೊಳ್ಳಿ, ದರ 3 ರೂಪಾಯಿ. ಅವರವರ ಗೀರಿನಷ್ಟು ಅವರವರು ಕೊಡಬೇಕು. ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಇರಲಾರದು ಅಂತ ವಾಣಿಜ್ಯಶಾಸ್ತ್ರ ಓದಿದ ನನಗೆ ಅನ್ನಿಸಿತ್ತು. ಹಿಂದಿನವರ ಲೆಕ್ಕದಲ್ಲಿದ್ದ ಸಡಿಲುಗಳನ್ನೆಲ್ಲ ತೆಗೆದು ಕೆಂಪು ಪುಸ್ತಕವನ್ನು ಒಂದು ಹದಕ್ಕೆ ತಂದವನು ನಾನೇ. ಎಲ್ಲರೂ ಹೊಗಳಿದರು. ಮೂರು ತಿಂಗಳ ಬಾಕಿ ನಿಂತವರ ಮೀಲ್ ನಿಲ್ಲಿಸುವುದು ಅನ್ನುವ ನಿಯಮವನ್ನೂ ನಾನೇ ಸೂಚಿಸಿದೆ, ಎಲ್ಲರೂ ಒಪ್ಪಿದರು.

ಅಡಿಗೆಯವರನ್ನು ಠಾಕೂರ್ ಅನ್ನುತ್ತಿದ್ದೆವು. ಮೇದಿನೀಪುರ ಜಿಲ್ಲೆಯ ಕಾಂಥಿ ಕಡೆಯವರು. ದಿನಾ ರಾತ್ರಿ ಕೆಂಪಗಿನ ಮಸೂರ್ ಬೇಳೆಯ ತೆಳ್ಳನೆ ದಾಲ್, ಅನ್ನ, ಒಂದು ಪಲ್ಯ, ಬೆರಳುದ್ದದ ಮೀನಿನ ತುಂಡು. ಅವರಿಗೆ ಸಂಬಳ ಬಂದ ಮರುದಿನ ಮನಿ ಆರ್ಡರ್ ಫಾರಂ ನನ್ನ ಹತ್ತಿರ ಬರುತ್ತಿತ್ತು. ನಾನೂ ಅಮ್ಮನಿಗೆ ಮನಿ ಆರ್ಡರ್ ಮಾಡುವವನೇ. ಎರಡೂ ಫಾರಂಗಳಿಗೆ ಮೊತ್ತ, ವಿಳಾಸ ತುಂಬುವುದು ನನ್ನ ಕೆಲಸ. ಫಾರಂನ ಕೆಳತುದಿಯಲ್ಲಿ ನಾಲ್ಕು ಸಾಲು ಸಂದೇಶ ಬರೆಯಲು ಜಾಗ ಇರುತ್ತಿತ್ತು, ನಿಮಗೆ ನೆನಪಿರಬಹುದು. ನನ್ನ ಫಾರಂನಲ್ಲಿ "ಕ್ಷೇಮ. ಹಣ ತಲುಪಿದ್ದಕ್ಕೆ ಬರೆಯಿರಿ" ಅಂತ ಪ್ರತಿ ತಿಂಗಳೂ ಅದೇ ಒಂದು ಸಾಲು. ಠಾಕೂರರ ಫಾರಂನ ಆ ಜಾಗವನ್ನು ಬಂಗಾಳಿಯಲ್ಲಿ ತುಂಬುತ್ತಿದ್ದವರು ಬೊಡ್‌ದಾ, ಅಂದರೆ ದೊಡ್ಡಣ್ಣ. ಮೆಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಠಾಕೂರರು ಹೇಳುವುದು, ಇವರು ಸಣ್ಣಕ್ಷರದಲ್ಲಿ ಅಂಚಿನವರೆಗೂ ಬರೆಯುವುದು. ಮಳೆಗೆ ಮುಂಚೆ ಚಾವಣಿಗೆ ಹುಲ್ಲು ಹೊದಿಸು, ಮೇಕೆ ಮಾರಬೇಡ, ಹುಡುಗನ ಕಿವಿ ಡಾಕ್ಟರಿಗೆ ತೋರಿಸು.

ಈಗ ನಿಘಂಟು ನೋಡಿದಾಗ ಒಂದು ವಿಚಿತ್ರ ತಿಳಿಯಿತು. ಆ ಫಾರಂನಲ್ಲಿದ್ದ ದೊಡ್ಡ ದೊಡ್ಡ ಶಬ್ದಗಳೆಲ್ಲ ಮೆಸ್‌ನ ದಾಯಾದಿಗಳೇ. ಕಳಿಸಿದ ಹಣ ರೆಮಿಟೆನ್ಸ್, ಅಂಚೆಯವರು ಹಿಡಿಯುವ ದುಡ್ಡು ಕಮಿಷನ್, ಕೆಳಗೆ ಬರೆಯುವ ಮಾತು ಮೆಸೇಜ್. ನಾಲ್ಕೂ 'ಕಳಿಸು' ಅನ್ನುವ ಒಂದೇ ತಾಯಿಯ ಮಕ್ಕಳು. 1880ರಲ್ಲಿ ಅಂಚೆ ಇಲಾಖೆ ಮನಿ ಆರ್ಡರ್ ಶುರು ಮಾಡಿದಾಗಿನಿಂದ ಎಷ್ಟು ಲಕ್ಷ ಗಂಡಸರು ಮೆಸ್ಸುಗಳಲ್ಲಿ ಉಂಡು ಹಣವನ್ನೂ ಮಾತನ್ನೂ ಊರಿಗೆ ಕಳಿಸಿರಬೇಕು!

ಬೊಡ್‌ದಾ ಹೂಗ್ಲಿ ದಂಡೆಯ ಒಂದು ಸೆಣಬಿನ ಮಿಲ್ಲಿನಲ್ಲಿ ಗುಮಾಸ್ತರು. ಆ ವರ್ಷಗಳಲ್ಲಿ ಸೆಣಬಿನ ಮಿಲ್ಲುಗಳಿಗೆ ಬೀಗ ಬೀಳುವುದು, ತೆಗೆಯುವುದು, ಮತ್ತೆ ಬೀಳುವುದು ಸಾಮಾನ್ಯವಾಗಿತ್ತು. ಅವರ ಮಿಲ್ಲಿಗೂ ಬೀಗ ಬಿತ್ತು. ಒಂದು ತಿಂಗಳು ಕೊಟ್ಟರು, ಆಮೇಲೆ ನಿಂತಿತು. ಮೂರನೆಯ ತಿಂಗಳು ಮುಗಿದಾಗ ಮ್ಯಾನೇಜರ್ ನಾನಾಗಿದ್ದೆ. ನಿಯಮ ಸ್ಪಷ್ಟವಾಗಿತ್ತು. ಬೆಳಿಗ್ಗೆ ಬಜಾರಿಗೆ ಹೊರಡುವ ಮುಂಚೆ ಅವರ ಹೆಸರಿನ ಮುಂದೆ 'ಮೀಲ್ ಆಫ್' ಅಂತ ಬರೆದೆ. ಅವರಿಗೆ ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಖಾತೆ ಗೋಡೆಯ ಮೊಳೆಗೆ ತೂಗುಹಾಕಿರುತ್ತಿತ್ತು, ನೋಡಿಕೊಳ್ಳುತ್ತಾರೆ ಅಂದುಕೊಂಡೆ.

ರಾತ್ರಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಠಾಕೂರರು ಅಭ್ಯಾಸದ ಮೇಲೆ ಹದಿನಾಲ್ಕು ತಟ್ಟೆ ಇಟ್ಟುಬಿಟ್ಟಿದ್ದರು. ನಾನು ಕಣ್ಸನ್ನೆ ಮಾಡಿದೆ. ಅವರು ನೋಡಿದರೂ ನೋಡದ ಹಾಗೆ ಒಳಗೆ ಹೋದರು. ಕೊನೆಗೆ ನಾನೇ ಎದ್ದು ಆ ತಟ್ಟೆಯನ್ನು ಎತ್ತಿ ಗೋಡೆಗೆ ಒರಗಿಸಿದೆ. ಬೊಡ್‌ದಾ ಮೆಟ್ಟಿಲು ಇಳಿದು ಬಂದರು, ಸಾಲು ನೋಡಿದರು, ಖಾತೆ ನೋಡಿದರು. ಮಡಕೆಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದು, ಎಂದಿನ ಹಾಗೆ ಲೋಟ ತೊಳೆದಿಟ್ಟು ಮೇಲೆ ಹೋದರು. ಯಾರೂ ಮಾತಾಡಲಿಲ್ಲ. ಹದಿಮೂರು ಜನರಲ್ಲಿ ಒಬ್ಬರಾದರೂ "ಇವತ್ತಿನ ಮೀಲ್ ನನ್ನ ಹೆಸರಿಗೆ ಬರ್ಕೊಳ್ಳಿ" ಅನ್ನಬಹುದಿತ್ತು. ಅತಿಥಿ ಊಟಕ್ಕೆ ನಿಯಮದಲ್ಲಿ ಅವಕಾಶ ಇತ್ತು. ಆ ಕಾಲಂ ಹಾಕಿದವನೂ ನಾನೇ. ನನಗೇ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆದದ್ದನ್ನು ತಡೆದೆನೋ, ಈಗ ಹೇಳಲಾರೆ. ಆ ಶನಿವಾರ ಅವರು ತಗಡಿನ ಟ್ರಂಕ್ ಎತ್ತಿಕೊಂಡು, "ದೇಶಕ್ಕೆ ಹೋಗ್ತೀನಿ" ಅಂತ ಹೇಳಿ ಹೊರಟರು.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಕಠಿಣವಾದ ಶಬ್ದ ಇದೆ, ಪಂಕ್ತಿಭೇದ. ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡುವುದು ಪಾಪ ಅಂತ ಹೇಳುವ ಸಮಾಜವೇ ಯಾರನ್ನು ಸಾಲಿಗೆ ಸೇರಿಸಬೇಕು ಅನ್ನುವಲ್ಲಿ ಸಾವಿರ ಭೇದ ಮಾಡಿತು, ಅದು ಬೇರೆ ಮಾತು. ಆದರೂ ಓದುವ ಹುಡುಗನಿಗೆ ವಾರಕ್ಕೊಂದು ಮನೆಯಲ್ಲಿ ಊಟ ಹಾಕುವ ವಾರಾನ್ನವನ್ನು ಕಂಡುಕೊಂಡವರು ನಾವು. ನಮ್ಮೂರಿನ ಹತ್ತಿರದ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ದಾಸೋಹದಲ್ಲಿ ಕೂತು ಉಣ್ಣುತ್ತಾರೆ. ಅಲ್ಲಿ ಗೀರು ಹಾಕುವ ಖಾತೆ ಇಲ್ಲ. ಇದನ್ನೆಲ್ಲ ನೋಡಿ ಬೆಳೆದ ನಾನು ಕಲ್ಕತ್ತಾದಲ್ಲಿ ತಟ್ಟೆ ಎತ್ತಿಟ್ಟೆ. ಊರಿನಲ್ಲಾಗಿದ್ದರೆ ನನ್ನ ಕೈ ಏಳುತ್ತಿರಲಿಲ್ಲ. ಅದು ಬಾಸಾ ಆದ್ದರಿಂದ ಎದ್ದಿತು.

ಲೆಕ್ಕವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಂಚಿಕೊಂಡು ಉಣ್ಣುವಲ್ಲಿ ಲೆಕ್ಕ ಇಲ್ಲದಿದ್ದರೆ ನಾಲ್ಕು ದಿನದಲ್ಲಿ ಜಗಳ ಬಂದು ಮಗಳು ಹೇಳಿದ ಅರ್ಥದ ಮೆಸ್ಸೇ ಆಗುತ್ತದೆ. ಆದರೆ ಲೆಕ್ಕದೊಳಗೆ ಕೈ ಸಡಿಲ ಮಾಡುವ ಜಾಗ ಇರಬೇಕು. ಲಂಡನ್ನಿನ ವಕೀಲರ ಸಂಘಗಳಲ್ಲಿ ಬ್ಯಾರಿಸ್ಟರ್ ಆಗುವವರು ಹಿಂದೆ ಇಂತಿಷ್ಟು ಸಲ ಒಟ್ಟಿಗೆ ಊಟ ಮಾಡಲೇಬೇಕಿತ್ತು, ನಾಲ್ಕು ನಾಲ್ಕು ಜನರ ಗುಂಪಿನಲ್ಲಿ. ಆ ಗುಂಪನ್ನು ಅಲ್ಲಿ ಮೆಸ್ ಅಂತಲೇ ಕರೆಯುತ್ತಾರೆ. 1888ರಲ್ಲಿ ಹೋದ ಗಾಂಧೀಜಿ ಆ ಊಟಗಳ ಬಗ್ಗೆ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಾಲ್ವರಿಗೆ ಎರಡು ಬಾಟಲಿ ವೈನ್ ಕೊಡುತ್ತಿದ್ದರಂತೆ. ಇವರು ಕುಡಿಯುವುದಿಲ್ಲವಾದ್ದರಿಂದ ಉಳಿದ ಮೂವರಿಗೆ ಲಾಭ. ಹಾಗಾಗಿ ತಮ್ಮ ಗುಂಪಿಗೆ ಬನ್ನಿ ಅಂತ ಇವರಿಗೆ ಬಹಳ ಬೇಡಿಕೆಯಂತೆ. ಯಾರ ಪಾಲು ಯಾರಿಗೆ ಹೋಯಿತು ಅಂತ ಅಲ್ಲಿ ಯಾರೂ ಗೀರು ಹಾಕಲಿಲ್ಲ. ತಮಾಷೆಯ ಪ್ರಸಂಗ, ನಿಜ. ಆದರೆ ಒಟ್ಟಿಗೆ ಕೂತು ಉಣ್ಣುವುದು ಅಂದರೆ ಒಬ್ಬ ಉಣ್ಣದೆ ಬಿಟ್ಟದ್ದು ಇನ್ನೊಬ್ಬನಿಗೆ ದಕ್ಕುವುದು ಅನ್ನುವ ವಿಷಯ ಅದರಲ್ಲಿದೆ.

ಬೊಡ್‌ದಾ ಹೋದ ಎರಡು ತಿಂಗಳಿಗೆ ಮೆಸ್ಸಿನ ಮ್ಯಾನೇಜರ್ ಹೆಸರಿಗೆ ಒಂದು ಮನಿ ಆರ್ಡರ್ ಬಂತು. ಆಗ ಮ್ಯಾನೇಜರ್ ಬೇರೊಬ್ಬರು. ಅವರು ಸಹಿ ಹಾಕಿ ಹಣ ತೆಗೆದುಕೊಂಡು, "ನಿಮ್ಮ ತಿಂಗಳ ಬಾಕಿ" ಅಂತ ಕೆಳಗಿನ ಚೀಟಿಯನ್ನು ನನಗೆ ಕೊಟ್ಟರು. ಮೊತ್ತ ಪೈಸೆ ಸಮೇತ ಸರಿ ಇತ್ತು. ಸಣ್ಣಕ್ಷರದಲ್ಲಿ ಬರೆದಿದ್ದನ್ನು ಓದಿಸಿಕೊಂಡೆ: "ಮೂರು ತಿಂಗಳ ಊಟದ ಬಾಕಿ. ಲೆಕ್ಕ ಸರಿ ಇದೆಯೇ ನೋಡುವುದು. ಠಾಕೂರರ ಫಾರಂ ಈಗ ಯಾರು ಬರೆಯುತ್ತಾರೆ?"

ಯಾರೂ ಬರೆಯುತ್ತಿರಲಿಲ್ಲ. ನಾನು ಮೊತ್ತ, ವಿಳಾಸ ತುಂಬಿಕೊಡುತ್ತಿದ್ದೆ. ಕೆಳಗಿನ ಜಾಗ ಖಾಲಿ ಹೋಗುತ್ತಿತ್ತು. ಆ ಚೀಟಿ ಅಂದಿನಿಂದ ಕೆಂಪು ಪುಸ್ತಕದಲ್ಲೇ ಇದೆ. ಬ್ಯಾಂಕಿನಲ್ಲಿ ಮುಂದೆ ನೂರಾರು ಜನರಿಗೆ 'ಬಾಕಿ ಇಲ್ಲ' ಅನ್ನುವ ಸರ್ಟಿಫಿಕೇಟ್ ಬರೆದುಕೊಟ್ಟೆ. ಪ್ರತಿ ಸಲ ಸಹಿ ಹಾಕುವಾಗಲೂ ನೆನಪಾಯಿತು ಅಂದರೆ ಸುಳ್ಳಾಗುತ್ತದೆ. ಕೆಲವು ಸಲ ಆಯಿತು.

1987ರಲ್ಲಿ ಮದುವೆಯಾಗಿ ಮೆಸ್ ಬಿಟ್ಟೆ. ಕರಿಬೇವು, ಕಾಫಿಪುಡಿ ಸಿಗುವ ಲೇಕ್ ಮಾರ್ಕೆಟ್ಟಿನ ಹತ್ತಿರ ಬಾಡಿಗೆ ಮನೆ ಮಾಡಿದೆವು. ಊರಿಗೆ ಹಣ ಕಳಿಸುವುದು ನಿಲ್ಲಲಿಲ್ಲ. ಮನಿ ಆರ್ಡರ್ ಹೋಗಿ ಬ್ಯಾಂಕಿನ ಡ್ರಾಫ್ಟ್ ಬಂತು, ಅಷ್ಟೆ. 1996ರಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಮೂರು ವರ್ಷ ಹಾಸಿಗೆಯಲ್ಲಿದ್ದಳು. ನಾನು ವರ್ಷಕ್ಕೊಂದು ಸಲ ಹೋಗಿ ಹತ್ತು ದಿನ ಇದ್ದು ಬರುತ್ತಿದ್ದೆ, ತಿಂಗಳು ತಿಂಗಳು ಹಣ ಕಳಿಸುತ್ತಿದ್ದೆ. ನೋಡಿಕೊಂಡವರು ತಮ್ಮ ಮತ್ತು ಅವನ ಹೆಂಡತಿ. 1999ರಲ್ಲಿ ಅಮ್ಮ ಹೋದಳು. ಕಾರ್ಯವೆಲ್ಲ ಮುಗಿದ ಮೇಲೆ ತೋಟ, ಮನೆಯ ಭಾಗದ ಮಾತು ಬಂತು. ನಾನು ಹಿರಿಯ ಮಗ. ಕಲ್ಕತ್ತಾದಿಂದ ಬರುವಾಗಲೇ ಒಂದು ನೋಟ್‌ಬುಕ್ ತಂದಿದ್ದೆ. 1984ರಿಂದ ಕಳಿಸಿದ ಒಂದೊಂದು ರೂಪಾಯಿಯೂ ತಾರೀಖಿನ ಸಮೇತ ಅದರಲ್ಲಿತ್ತು. ನನಗೆ ಹೆಚ್ಚು ಬೇಕಿರಲಿಲ್ಲ. ಮಾಡಿದ್ದು ಗೊತ್ತಿರಲಿ ಅನ್ನುವುದಷ್ಟೇ ಇತ್ತು ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಜಗಲಿಯ ಮೇಲೆ ಅದನ್ನು ಬಿಚ್ಚಿಟ್ಟೆ.

ತಮ್ಮ ಪುಟ ತಿರುವಿ ನೋಡಿದ. ಸಿಟ್ಟು ಮಾಡಲಿಲ್ಲ. "ಅಣ್ಣಾ, ನೀನು ಕಳ್ಸಿದ್ದು ಸುಳ್ಳಲ್ಲ. ನೀನು ಕಳಿಸ್ದೇ ಇದ್ರೆ ಆ ಎರಡು ವರ್ಷ ಕಾಯಿ ಬೆಲೆ ಬಿದ್ದಾಗ ನಾವು ಏನ್ ಮಾಡ್ತಿದ್ವೋ. ಆದ್ರೆ ಅಮ್ಮಂಗೆ ಮೂರು ವರ್ಷ ತುತ್ತು ಇಟ್ಟಿದ್ದನ್ನ ನಾವು ಎಲ್ಲೂ ಬರ್ಕೊಂಡಿಲ್ಲ" ಅಂದ. ಅವನ ಹೆಂಡತಿ ಒಳಗೆ ಅಡಿಗೆಮನೆಯಲ್ಲಿದ್ದಳು. ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ನಾನು ನೋಟ್‌ಬುಕ್ ಮುಚ್ಚಿದೆ. ಭಾಗ ಅವನು ಹೇಳಿದ ಹಾಗೇ ಆಯಿತು. ಆ ಬಗ್ಗೆ ಅವನು ಆಮೇಲೆ ಒಂದು ದಿನವೂ ಮಾತೆತ್ತಿಲ್ಲ.

ದೂರದಲ್ಲಿದ್ದು ಹಣ ಕಳಿಸುವವನ ಕರ್ತವ್ಯ ಅಲ್ಲಿಗೆ ಮುಗಿಯಿತೇ? ಇದು ನನ್ನೊಬ್ಬನ ಪ್ರಶ್ನೆಯಲ್ಲ. ಬೆಂಗಳೂರಿನಲ್ಲಿದ್ದು ಬೀದರಿಗೆ ಕಳಿಸುವವರದ್ದು, ದುಬೈಯಲ್ಲಿದ್ದು ಭಟ್ಕಳಕ್ಕೆ ಕಳಿಸುವವರದ್ದು, ಅಮೆರಿಕದಿಂದ ಮಲ್ಲೇಶ್ವರಕ್ಕೆ ಕಳಿಸುವವರದ್ದು ಎಲ್ಲ ಇದೇ. ಕಳಿಸುವವರ ಪರವಾಗಿಯೂ ಹೇಳುವ ಮಾತಿದೆ. ಠಾಕೂರರು ಕಾಂಥಿಯಲ್ಲೇ ಉಳಿದಿದ್ದರೆ ಮಗನ ಕಿವಿಗೆ ಔಷಧಿ ಎಲ್ಲಿಂದ ಬರುತ್ತಿತ್ತು? ಬಡಿಸುವವರ ಪಾತ್ರೆಯಲ್ಲಿ ಅನ್ನ ಇರಬೇಕಲ್ಲ. ಬೈಬಲ್ಲಿನಲ್ಲಿ ಏಸಾವ ಅನ್ನುವ ಹಿರಿಯ ಮಗನ ಕಥೆ ಬರುತ್ತದೆ. ಹಸಿವು ತಡೆಯಲಾರದೆ ತಮ್ಮನ ಹತ್ತಿರ ಒಂದು ಬಟ್ಟಲು ಬೇಳೆಯ ಸಾರಿಗೆ ತನ್ನ ಜ್ಯೇಷ್ಠತನದ ಹಕ್ಕನ್ನು ಮಾರಿಬಿಟ್ಟವನು. ಅದು ಕೆಂಪು ಬೇಳೆಯ ಸಾರು. ಇಂಗ್ಲಿಷರು ಆ ಬಟ್ಟಲು ಸಾರಿಗೆ ಬಳಸುವ ಮಾತೂ 'ಮೆಸ್' ಅನ್ನುವುದೇ. ಮಸೂರ್ ದಾಲ್ ಉಂಡು ಮೂರು ವರ್ಷ ಕಳೆದ ನನಗೆ ಆ ಏಸಾವ ಹತ್ತಿರದವನು ಅನ್ನಿಸುತ್ತಾನೆ. ಆದರೆ ಹೊಟ್ಟೆಪಾಡಿಗೆ ಊರು ಬಿಟ್ಟವರೆಲ್ಲ ಹಕ್ಕು ಮಾರಿಕೊಂಡವರು ಅಂತ ನಾನು ಒಪ್ಪುವುದಿಲ್ಲ. ಬಿಟ್ಟು ಬಂದದ್ದು ತಪ್ಪಲ್ಲ.

ತಪ್ಪು ಎಲ್ಲಿದೆ ಅಂತ ನನಗೆ ಆ ಶಬ್ದವೇ ತೋರಿಸಿತು. ಲ್ಯಾಟಿನ್ನಿನವರು ಊಟವನ್ನು 'ಕಳಿಸಿದ್ದು' ಅಂದದ್ದು ಅದು ಒಬ್ಬನ ಮುಂದೆ ಬಂದು ಕೂತ ಮೇಲೆ. ದಾರಿಯಲ್ಲಿರುವಾಗ ಅದು ಬರೀ ಸರಕು. ಯಾವುದೋ ಒಂದು ಕೈ ಅದನ್ನು ತಟ್ಟೆಗೆ ಹಾಕಬೇಕು. ಊರಿನಲ್ಲಿ ಆ ಕೈ ನನ್ನದಾಗಿರಲಿಲ್ಲ. ಅದು ಅನಿವಾರ್ಯವಾಗಿತ್ತು, ಆದರೆ ಕಳಿಸಿದ್ದನ್ನೇ ಪೂರ್ತಿ ಅಂತ ಜಗಲಿಯ ಮೇಲೆ ಬಿಚ್ಚಿಡುವುದು ಅನಿವಾರ್ಯವಾಗಿರಲಿಲ್ಲ. ಇನ್ನು ಕಲ್ಕತ್ತಾದಲ್ಲಿ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ತಟ್ಟೆ ಇತ್ತು. ಅಲ್ಲಿ ಬಡಿಸುವುದು ನನ್ನ ಕರ್ತವ್ಯ ಅಂತ ನನಗೆ ಅನ್ನಿಸಲೇ ಇಲ್ಲ, ಯಾಕೆಂದರೆ ಕರ್ತವ್ಯವನ್ನೆಲ್ಲ ನಾನು ಊರಿಗೆ ಕಳಿಸಿಬಿಟ್ಟಿದ್ದೆ. ಪರಊರಿನಲ್ಲಿರುವವರಿಗೆ ಬರುವ ರೋಗ ಇದು ಅಂತ ನನಗೆ ಈಗ ಅನ್ನಿಸುತ್ತದೆ. ಊರಿನವರಿಗೆ ನಾವು ದೂರ, ಪಕ್ಕದವರಿಗೆ ನಾವು ಪರಕೀಯರು. ಎರಡು ಕಡೆಯೂ ಪುಸ್ತಕ ಇಟ್ಟುಕೊಂಡು ಯಾರಿಗೂ ಬಾಕಿ ಇಲ್ಲ ಅಂತ ನಿದ್ದೆ ಮಾಡುತ್ತೇವೆ.

ಬ್ಯಾಂಕಿನವನಾದ ನನಗೆ ರೆಮಿಟ್ ಅಂದರೆ ಹಣ ಕಳಿಸುವುದು, ಬೇರೆ ಅರ್ಥ ನೆನಪಿಗೇ ಬರುತ್ತಿರಲಿಲ್ಲ. ನಿಘಂಟಿನಲ್ಲಿ ನೋಡಿದರೆ ಆ ಅರ್ಥ ಹುಟ್ಟಿದ್ದು 17ನೇ ಶತಮಾನದಲ್ಲಿ. ಅದಕ್ಕಿಂತ ಇನ್ನೂರು ವರ್ಷಕ್ಕೂ ಹಿಂದೆ, 14ನೇ ಶತಮಾನದ ಕೊನೆಯಲ್ಲೇ, ಆ ಮಾತಿಗೆ ಬೇರೆ ಅರ್ಥ ಇತ್ತು: ಕ್ಷಮಿಸು, ಸಾಲ ಮನ್ನಾ ಮಾಡು, ಹೋಗಲಿ ಬಿಡು. ಮೂವತ್ತಾರು ವರ್ಷ ನಾನು ರೆಮಿಟ್ ಮಾಡಿದ್ದೆಲ್ಲ ಎರಡನೆಯ ಅರ್ಥದಲ್ಲಿ. ಮೊದಲನೆಯ ಅರ್ಥದಲ್ಲಿ ಮಾಡಿದವನು ನನ್ನ ತಮ್ಮ. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಬೊಡ್‌ದಾ ಎರಡೂ ಅರ್ಥದಲ್ಲಿ ಮಾಡಿದರು.

ಬಂಗಾಳದಲ್ಲಿ ಮಹಾಲಯದ ದಿನ ಬೆಳಗಿನ ಜಾವ ನಾಲ್ಕಕ್ಕೆ ರೇಡಿಯೋದಲ್ಲಿ 'ಮಹಿಷಾಸುರಮರ್ದಿನಿ' ಬರುತ್ತದೆ. 1930ರ ದಶಕದಿಂದ ಬರುತ್ತಿದೆ. ಅದರ ದನಿ ಕೇಳಿದರೆ ಇಲ್ಲಿಯವರಿಗೆ ಪೂಜೆ ಬಂತು ಅಂತ. ನಮ್ಮ ಕಡೆ ಅದೇ ಅಮಾವಾಸ್ಯೆ ಹಿರಿಯರ ಹಬ್ಬ. ಹೋದ ವರ್ಷ ಸುಣ್ಣಬಣ್ಣ ಅರ್ಧಕ್ಕೇ ಬಿಟ್ಟು ನಾನು ಆ ಹಬ್ಬಕ್ಕೆ ಊರಿಗೆ ಹೋದೆ. ಅಪ್ಪ ಅಮ್ಮನಿಗೆ ಎಲೆ ಹಾಕಿ ಎಡೆ ಇಟ್ಟರು. ಎಡೆ ಅಂದರೆ ಮುಂದಿಟ್ಟ ಊಟದ ಪಾಲು. ಎಡೆ ಅಂದರೆ ಜಾಗ ಅಂತಲೂ ಹೌದು. ಒಬ್ಬರಿಗೆ ಊಟ ಇಡುವುದೂ ಜಾಗ ಕೊಡುವುದೂ ಒಂದೇ ಅಂತ ನಮ್ಮ ಭಾಷೆ ಯಾವತ್ತೋ ತೀರ್ಮಾನ ಮಾಡಿದೆ. ಅದು ನನಗೆ ತಿಳಿಯಲು ಲ್ಯಾಟಿನ್ನಿನವರೆಗೆ ಹೋಗಬೇಕಾಯಿತು.

ಎಡೆ ಎತ್ತಿದ ಮೇಲೆ ಬಂಧುಗಳೆಲ್ಲ ಸಾಲಾಗಿ ಕೂತರು. ನಾನೂ ಕೂರಲು ಹೊರಟಿದ್ದೆ. ತಮ್ಮ ಸಾರಿನ ಬಕೀಟು ನನ್ನ ಕೈಗೆ ಕೊಟ್ಟು, "ಅಣ್ಣಾ, ಆ ಸಾಲು ನೀನ್ ನೋಡ್ಕೊ" ಅಂದ. ಅರವತ್ತು ದಾಟಿದ ಸೊಂಟ, ಬಗ್ಗಿ ಬಗ್ಗಿ ನೋಯುತ್ತಿತ್ತು. ಸಾಲಿನ ಕೊನೆಯಲ್ಲಿ ಯಾರಿಗೂ ಅಷ್ಟಾಗಿ ಪರಿಚಯವಿಲ್ಲದ ಒಬ್ಬ ಮುದುಕರು ಕೂತಿದ್ದರು. "ಇನ್ನೊಂಚೂರು ಹಾಕಲಾ?" ಅಂತ ಕೇಳಿದೆ. "ಹಾಕಪ್ಪ" ಅಂದರು. ಹಾಕಿದೆ.